ರ ಗ ಸ ದ ಅ: ನಮ್ಮ ನಲಿ-ಕಲಿ ಕೋಣ್ಯಾಗ ಒಂದು ದಿನ

ನಮಸ್ಕಾರ್ರೀ ಎಲ್ಲಾರಿಗೂ. ಶುರು ಮಾಡೋಕಿಂತ ಮೊದ್ಲ ಹೇಳಿಬಿಡ್ತೀನಿ, ಈ ವಿಡಿಯೋದಾಗ ಮಕ್ಕಳ ಮುಖ ಕಾಣಂಗಿಲ್ಲ. ಕೈ ಕಾಣ್ತಾವ, ಎಣ್ಣಿ ಹಚ್ಚಿ ಬಿಗಿದ ಜಡಿ ಕಾಣ್ತಾವ, ಗದ್ದಲ ಬೇಕಾದಷ್ಟು ಕೇಳಸ್ತೈತಿ. ಮಂದಿ ಮಕ್ಕಳ ಮುಖ ಇಂಟರ್ನೆಟ್ಟಿಗೆ ಹಾಕಾಕ ನಾ ಯಾರ್ರೀ?

ಇದು ಕೊಪ್ಪಳ ಜಿಲ್ಲಾ, ಕುಷ್ಟಗಿ ತಾಲೂಕು. ಊರ ಹೆಸ್ರು ಬ್ಯಾಡ ಬಿಡ್ರಿ. ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ, ನಾನು ಇಲ್ಲಿ ನಲಿ-ಕಲಿ ಟೀಚರ್. ನಲಿ-ಕಲಿ ಅಂದ್ರ ಸಣ್ಣ ಕ್ಲಾಸಿನ ಮಕ್ಕಳು ಕೂಡಿ ಕುಂತು, ಕಾರ್ಡ್ ಹಿಡಕೊಂಡು, ತಮ್ಮ ತಮ್ಮ ವೇಗಕ್ಕ ಕಲಿಯೋ ಪದ್ಧತಿ. ಒಂದು, ಎರಡು, ಮೂರು, ಈ ಮೂರೂ ಕ್ಲಾಸು ಒಂದ ಕೋಣ್ಯಾಗ. ಮೂರಕ್ಕೂ ನಾನೊಬ್ಬಾಕೀನ.

ಈ ಕೈ ನೋಡ್ರಿ, ಹಾಜರಿ ಹಾಕಾಕತ್ತೈತಿ. ನಾ ಕೂಗಂಗಿಲ್ಲ. ತಮ್ಮ ಹೆಸ್ರು ತಾವ ಹುಡುಕಿ ಗುರುತು ಹಾಕ್ತಾರ. ಓದಾಕ ಬರದ ಹುಡುಗನೂ ತನ್ನ ಹೆಸ್ರು ಎಲ್ಲೈತಿ ಅಂತ ಎರಡು ದಿನದಾಗ ಕಂಡುಹಿಡಿತಾನ. ಅದರ ಬಾಜೂಕ ಹವಾಮಾನದ ಚಾರ್ಟ್. ಬಿಸಲು, ಮೋಡ, ಗಾಳಿ, ಮಳಿ. ಏಪ್ರಿಲ್‌ದಾಗಾದ್ರ ನಮ್ಮ ಕಡೆ ಬಿಸಲಿನ ಚಿತ್ರ ಬಿಟ್ಟು ಉಳಿದವಕ್ಕ ಕೆಲ್ಸಾನ ಇರಂಗಿಲ್ಲ. ಈಗ ಮುಂಗಾರು, ಊರಾಗ ಹೆಸ್ರುಕಾಳು ಬಿತ್ತ್ಯಾರ, ಎಲ್ಲಾರ ಕಣ್ಣು ಮ್ಯಾಲೇ ಐತಿ. ಹಿಂಗಾಗಿ ಚಾರ್ಟ್ ಮುಂದ ದಿನಾ ಜಗಳ. ಇವತ್ತು ಒಬ್ಬಾಂವ ಮೋಡ ಅಂದ. ಇನ್ನೊಬ್ಬಾಕಿ ಬಿಡಲೊಲ್ಲಳು: "ಇವು ಬರೇ ತೋರಿಕಿ ಮೋಡ್ರೀ ಟೀಚರ್, ಇವಕ್ಕ ಮಳಿ ಬರಂಗಿಲ್ಲಂತ ನಮ್ಮಪ್ಪ ಹೇಳ್ಯಾನ." ಎಲ್ಲಾರ್ನೂ ಅಂಗಳಕ್ಕ ಕಳಿಸಿದೆ, ನೋಡಿ ಬರ್ರಿ ಅಂತ. ನೋಡಿ ಬಂದು ಮೋಡಕ್ಕ ಗುರುತು ಹಾಕಿದ್ರು. ಆಕಿ ಮಾತ್ರ ಇನ್ನಾ ಒಪ್ಪಿಲ್ಲ.

ಈಗ ಗ್ವಾಡಿ ಕೆಳಗ ಬರ್ರಿ. ಸಣ್ಣವರ ಕೈಗೆ ಎಟಕುವಷ್ಟು ಎತ್ತರಕ್ಕ ಸುತ್ತಾ ಕರಿ ಬಣ್ಣ ಬಳದಾರ, ಒಬ್ಬೊಬ್ಬರಿಗೆ ಒಂದೊಂದು ಪಾಲು. ಈ ಹುಡುಗ ಒಂದನೇ ಕ್ಲಾಸ್. ನಾಲಿಗಿ ಹೊರಗ ಹಾಕ್ಕೊಂಡು ಬರಿಯಾಕತ್ತಾನ. ಏನು ಬರದ ನೋಡ್ರಿ. ಅ ಅಲ್ಲ, ರ.

ಇದ್ರ ಮ್ಯಾಲೆ ನನಗ ವರ್ಷಾ ಒಂದು ಪಂಚಾಯ್ತಿ ತಪ್ಪಿದ್ದಲ್ಲ. ಈ ಹುಡುಗನ ಅಜ್ಜ ಬಡಿಗತನ ಮಾಡಾಂವ. ಹೋದ ವಾರ ಸಾಲಿ ಬಾಗ್ಲಕ್ಕ ಬಂದು ನಿಂತ. "ಟೀಚರ್ರ, ಸಾಲಿ ಚಾಲೂ ಆಗಿ ಇಷ್ಟು ದಿನಾ ಆತು, ಮೊಮ್ಮಗಗ ಅ ಆ ಇ ಈ ಬರಂಗಿಲ್ಲಲ್ರೀ. ಏನು ಕಲಸಾಕತ್ತೀರಿ?" ಅಂದ. ಕೇಳೋದು ಬರೋಬ್ಬರಿ ಐತಿ. ಅಜ್ಜ ಕಲಿತಿದ್ದು ಹಂಗ, ನಾನು ಕಲಿತಿದ್ದೂ ಹಂಗ. ನಲಿ-ಕಲ್ಯಾಗ ಮೊದಲ್ನೇ ಐದು ಅಕ್ಷರ ರ, ಗ, ಸ, ದ, ಅ. ಕೈ ತಿರುಗಸಾಕ ಸಲೀಸು, ಶಬ್ದ ಕಟ್ಟಾಕೂ ಸಲೀಸು. ವರ್ಣಮಾಲಿ ಹಿಡಕೊಂಡು 49 ಅಕ್ಷರಾನೂ ಸಾಲಾಗಿ ಹೊಂಟ್ರ, ಮಗು ಒಂದು ಶಬ್ದ ತಾನಾಗಿ ಓದೋದ್ರಾಗ ಪಂಚಮಿ ಹೋಗಿ ದೀಪಾವಳಿ ಬಂದಿರತೈತಿ. ಈ ಐದ ಐದು ಕಲ್ತ್ರ? ನಾ ಬಾಯಿಲೆ ಹೇಳೋ ಬದ್ಲಿ ಹುಡುಗನ ಕೈಯಾಗ ಸೀಮೆಸುಣ್ಣ ಕೊಟ್ಟೆ. ಸರ ಅಂತ ಬರದ. ರಸ ಅಂತ ಬರದ. ಅರಸ, ಅಗಸ ಬರದ. ಆಮ್ಯಾಲೆ ಗರಗಸ.

ಅಜ್ಜ ಸ್ವಲ್ಪ ಹೊತ್ತು ಗ್ವಾಡಿ ನೋಡಿ, "ಗರಗಸ ಬರಿತಾನು?" ಅಂದ. ಒಪ್ಪಿದ ಅಂತೇನಲ್ಲ ಮತ್ತ. ಮನ್ಯಾಗ ಸಂಜಿಕ ಅ ಆ ಇ ಈ ತಾನ ಕಲಸಾಕತ್ತಾನಂತ. ಕಲಸಲಿ, ನನ್ನ ತಕರಾರಿಲ್ಲ.

ಈ ಕಡೆ ಕುಂತಾವ್ರು ಎರಡನೇ ಅಕ್ಷರ ಗುಂಪಿಗೆ ಬಂದಾರ: ಜ, ವ, ಮ, ಬ, ನ. ಇವು ಬಂದ್ವು ಅಂದ್ರ ಜನ, ಮರ, ವನ, ಬಸವ ಎಲ್ಲಾ ಬಂದಂಗ. ಅದ್ರಾಗ ಆ ನ ಒಂದು ಸಿಕ್ತಂದ್ರ ಹುಡುಗ್ರು ಕೈಗೆ ಸಿಗಂಗಿಲ್ಲ. ಅರಸನ ಸರ, ಬಸವನ ಮರ, ಅಗಸನ ಗರಗಸ. ಅಗಸಗ ಗರಗಸ ಯಾಕ ಬೇಕೋ ದೇವರಿಗೇ ಗೊತ್ತು. ಆದ್ರ ಬರದಾಂವ ತಾನ ಓದಿ ತಾನ ನಗಾಕತ್ತಾನಲ್ಲ, ನನಗ ಅಷ್ಟ ಸಾಕು.

ಈ ನಲಿ-ಕಲಿ ಏನು ನಮ್ಮ ಕಡೆ ಹುಟ್ಟಿದ್ದಲ್ರೀ. ಮೈಸೂರು ಜಿಲ್ಲಾದ ಹೆಗ್ಗಡದೇವನಕೋಟೆ, ಕಾಡಂಚಿನ ತಾಲೂಕು. ಅಲ್ಲಿ ಮಾಸ್ತರ್ರು, ಟೀಚರ್ರು ಆಂಧ್ರದ ರಿಷಿ ವ್ಯಾಲಿ ಸಾಲಿಗೆ ಹೋಗಿ, ಅಲ್ಲಿ ಸುತ್ತಲಿನ ಸಣ್ಣ ಹಳ್ಳಿ ಸಾಲಿಗಳಾಗ ಬ್ಯಾರೆ ಬ್ಯಾರೆ ಕ್ಲಾಸಿನ ಮಕ್ಕಳು ಕೂಡಿ ಕಲಿಯೋದು ನೋಡಿ ಬಂದು, 1995ರಾಗ ಯುನಿಸೆಫ್ ನೆರವಿನಿಂದ ಶುರು ಮಾಡಿದ್ದು. 2009-10ಕ್ಕ ರಾಜ್ಯದ ಸರ್ಕಾರಿ ಕನ್ನಡ ಸಾಲಿಗೆಲ್ಲಾ ಬಂತು.

ಈಗ ಈ ಹಸಿರು ಬಳಿ ಕೈ ನೋಡ್ರಿ. ಇವತ್ತಿನ ವಿಡಿಯೋ ಮಾಡಿದ್ದ ಈಕಿ ಸಲುವಾಗಿ.

ಈಕಿ ಈಗ ಮೂರನೇ ಕ್ಲಾಸ್. ಹೋದ ವರ್ಷ ಸುಗ್ಗಿ ಮುಗದ ಮ್ಯಾಲೆ ಅಪ್ಪ-ಅವ್ವನ ಕೂಡ ಮಂಗಳೂರಿಗೆ ಹೋಗಿದ್ಲು. ಗೌಂಡಿ ಕೆಲಸ. ನಮ್ಮ ಕಡೆ ದುಡಿಯಾಕ ಹೋಗೋದಂದ್ರ ಹಿಂಗ, ಮನಿಗೆ ಕೀಲಿ ಹಾಕಿ, ಸಣ್ಣವರ್ನ ಕಟಗೊಂಡು ಬಸ್ ಹತ್ತೋದು. ಮನ್ಯಾಗ ಮುದುಕ್ರು ಇದ್ರ ಮಕ್ಕಳು ಊರಾಗ ಉಳಿತಾವ. ಇಲ್ಲಾಂದ್ರ ಇಲ್ಲ. ಬಿತ್ತಿಗಿಗೆ ತಿರುಗಿ ಬಂದಾರ, ಈಕಿನೂ ಸಾಲಿಗೆ ಬಂದಾಳ.

ಈಗ ಕ್ಯಾಮೆರಾ ಅಲುಗಾಡ್ತೈತಿ, ಸುಧಾರಿಸ್ಕೋರಿ, ನಾ ಆಕಿ ಹಿಂದ ಹಿಂದ ಹೊಂಟೀನಿ. ಗ್ವಾಡಿಗೆ ಹಾಕಿದ್ದು ಕಲಿಕಾ ಏಣಿ. ಒಂದೊಂದು ಮೆಟ್ಟಲಕ್ಕ ಒಂದು ಚಿತ್ರ, ಒಂದು ನಂಬರ್. ಅದ ಚಿತ್ರ, ಅದ ನಂಬರ್ ಕಾರ್ಡಿನ ಮ್ಯಾಲೂ ಇರತೈತಿ. ಆಕಿ ಬೆರಳು ಏಣಿ ಮ್ಯಾಲೆ ಹತ್ತಿ, ಇಳದು, ಮತ್ತ ಹತ್ತಿ ಒಂದು ಕಡೆ ನಿಂತ್ತು. ಯಾರು ಎಲ್ಲೀಮಟ ಬಂದಾರ ಅಂತ ಬರದಿಡೋ ಪ್ರಗತಿ ನೋಟ ತೆಗದು ನಾನೂ ನೋಡಿದೆ. ಅದ ಮೆಟ್ಟಲು. ಕಾಗುಣಿತ ಅರ್ಧಾ ಆಗಿತ್ತು, ಹೋಗಿಬಿಟ್ಟಿದ್ಲು. ಟ್ರೇದಾಗಿನ ಕಾರ್ಡ್ ತಗೊಂಡು ತಟ್ಟೆಗೆ ಹೋಗಿ ಕುಂತ್ಲು.

ತಟ್ಟೆ ಅಂದ್ರ ಊಟದ್ದಲ್ಲ, ಗುಂಪು. ಟೀಚರ್ ಪೂರ್ತಿ ಬೇಕಾದವ್ರದೊಂದು ತಟ್ಟೆ, ಸ್ವಲ್ಪ ಬೇಕಾದವ್ರದೊಂದು, ಗೆಳ್ಯಾರು ಗೆಳತ್ಯಾರ ಕೂಡ ಕಲಿಯೋದು, ತಾನ ಒಬ್ಬಾಕೀನ ಮಾಡೋದು, ಹಿಂಗ. ಯಾವ ಕ್ಲಾಸು ಅನ್ನೋದ್ರ ಮ್ಯಾಲೆ ಅಲ್ಲ, ಕೈಯಾಗಿನ ಕಾರ್ಡ್ ಯಾವುದು ಅನ್ನೋದ್ರ ಮ್ಯಾಲೆ ಕುಂದರೋದು. ಈಕಿ ಬಾಜೂಕ ಎರಡನೇ ಕ್ಲಾಸಿನಾಕಿ ಕುಂತಾಳ, ಇಬ್ಬರೂ ಕಿ, ಕೀ ಅಂತ ಬಡದಾಡಾಕತ್ತಾರ. ಈಕಿ ಓರಗಿಯವ್ರು ಒತ್ತಕ್ಷರ ದಾಟ್ಯಾರ, ಖರೆ. ಆದ್ರ ಈ ಕೋಣ್ಯಾಗ ಎಲ್ಲಾರೂ ಒಂದ ಮೆಟ್ಟಲ ಮ್ಯಾಲೆ ಯಾವತ್ತೂ ಇರಂಗಿಲ್ಲಲ್ಲ. ಅದಕ್ಕ ಈಕಿ ಹಿಂದ ಉಳದಾಳ ಅನ್ನೋದು ಯಾರ ಕಣ್ಣಿಗೂ ಬೀಳಲಿಲ್ಲ. ಈಕಿ ಕಣ್ಣಿಗೂ. ನಲಿ-ಕಲಿಗೆ ಮಂದಿ ನೂರು ಹೆಸ್ರು ಇಡ್ತಾರ, ನಾನೂ ಇಡ್ತೀನಿ. ಆದ್ರ ದುಡಿಯಾಕ ಹೋಗಿ ಬರೋ ಮನಿ ಮಕ್ಕಳಿಗೆ ಇದ್ರಂಥಾದ್ದು ನಾ ಬ್ಯಾರೆ ಕಂಡಿಲ್ಲ.

ಹೆಸ್ರು ಇಡೋದೇನಂದ್ರ, ನಾ ಒಂದು ತಟ್ಟ್ಯಾಗ ಕುಂತ್ರ ಇನ್ನೊಂದು ತಟ್ಟೆ ಕುಸ್ತಿ ಕಣ ಆಗಿರತೈತಿ. ಶಾಣ್ಯಾ ಹುಡುಗ್ರು ಇರ್ತಾರ, ಕಠಿಣ ಕಾರ್ಡ್ ಮೆಲ್ಲಕ ಕೆಳಗ ಇಟ್ಟು ಸಲೀಸಿಂದು ತಗೊಂಡು ಹೋಗ್ತಾರ. ಬರಿಯೋ ದಾಖಲಿ ಬ್ಯಾರೆ. ಕಾರ್ಡ್ ಹರೀತಾವ, ಕಳೀತಾವ. ಕಾರ್ಡ್ ಇಲ್ಲಾಂದ್ರ ಏಣ್ಯಾಗ ಮೆಟ್ಟಲ ಇಲ್ಲ. ಈ ಕಾರ್ಡ್ ಹಿಂದ ತಿರುಗಿಸಿ ತೋರಸ್ತೀನಿ ನೋಡ್ರಿ: "ನಿಮ್ಮ ಆಗಮನಾಭಿಲಾಷಿಗಳು". ಲಗ್ನಪತ್ರಿಕಿ. ದಪ್ಪ ಹಾಳಿ, ಹರ್ಯಂಗಿಲ್ಲ. ಊರಾಗ ಯಾರದಾರ ಮದವಿ ಮುಗೀತಂದ್ರ ಉಳದ ಪತ್ರಿಕಿ ನಮ್ಮ ಸಾಲಿಗೆ ಬರತಾವ.

ಗಣಿತಕ್ಕ ಬರೋಣು. ಜ್ವಾಳದ ದಂಟು ಕೊಯ್ದು ಮಾಡಿದ ಕಡ್ಡಿ, ಹತ್ತಕ್ಕೊಂದು ಕಟ್ಟು. ಬಿಡಿ ಎಣಸಾಕ ಹುಣಸಿಬೀಜ. ಮಂಗಳೂರಿಂದ ಬಂದಾಕಿಗೆ 50ರಾಗ 17 ಕಳಿ ಅಂದೆ. ಪಾಟಿ ಮ್ಯಾಲೆ 47 ಬರದ್ಲು. ಏಳರಾಗ ಸೊನ್ನಿ ಹೋದ್ರ ಏಳು, ಐದರಾಗ ಒಂದು ಹೋದ್ರ ನಾಕು. ಎಲ್ಲಾ ಸಾಲ್ಯಾಗೂ ಮಕ್ಕಳು ಮಾಡೋದು ಇದನ್ನ. ಪಾಟಿ ಕೆಳಗ ಇಡಿಸಿ ಕೇಳ್ದೆ, ಅಂಗಡ್ಯಾಗ 17 ರೂಪಾಯಿದು ಸಾಮಾನು ತಗೊಂಡು 50ರ ನೋಟ್ ಕೊಟ್ರ? ಕಣ್ಣು ಮಿಟಕಸೋದ್ರಾಗ, "ಮೂವತ್ಮೂರು ವಾಪಸ್ ಕೊಡಬೇಕ್ರೀ." ಹೆಂಗ? "ಮೂರು ಹಾಕಿದ್ರ ಇಪ್ಪತ್ತು, ಮ್ಯಾಲೆ ಮೂವತ್ತು." ಅಲ್ಲಿ ಅವ್ವ ಕೆಲಸಕ್ಕ ಹೋದಾಗ ಅಂಗಡಿ ಯವ್ವಾರ ಎಲ್ಲಾ ಈಕೀದ ಅಂತ. ಲೆಕ್ಕ ಬರತೈತಿ, ಪಾಟಿ ಮ್ಯಾಲಿನ ಲೆಕ್ಕಕ್ಕೂ ಅಂಗಡಿ ಲೆಕ್ಕಕ್ಕೂ ಗುರುತು ಇಲ್ಲ ಅಷ್ಟ. ಐದು ಕಟ್ಟು ಕೊಟ್ಟೆ. ಹದಿನೇಳು ತಗಿ ಅಂದ್ರ ಒಂದು ಕಟ್ಟಿನ ದಾರ ಬಿಚ್ಚಲೇಬೇಕಲ್ಲ. ಬಿಚ್ಚಿದ್ಲು, ತಗದ್ಲು, ಉಳದದ್ದು ಎಣಿಸಿದ್ಲು, 47 ತಾನ ವರಿಸಿ ಹಾಕಿದ್ಲು.

ಊಟದ ಗಂಟಿ. ಅಕ್ಷರ ದಾಸೋಹ 2002ರಾಗ ಮೊದಲ ಬಂದದ್ದು ನಮ್ಮ ಕೊಪ್ಪಳನೂ ಸೇರಿ ಈ ಕಡೆ ಏಳು ಜಿಲ್ಲಾಕ್ಕ, ರಾಜ್ಯದ ಉಳದ ಕಡೆ ಆಮ್ಯಾಲೆ. ತತ್ತಿನೂ ಹಂಗ, 2021ರ ಡಿಸೆಂಬರ್‌ದಾಗ ಮೊದಲ ಈ ಭಾಗಕ್ಕ ಬಂತು. ತತ್ತಿ ತಿನ್ನದವ್ರಿಗೆ ಬಾಳಿಹಣ್ಣು. ಒಂದನೇ ಕ್ಲಾಸಿನ ಹುಡುಗ ತತ್ತಿ ಸುಲಿಯೋದು ನೋಡ್ರಿ, ಸಿಪ್ಪಿಗಿಂತ ತತ್ತೀನ ಹೆಚ್ಚು ಸುಲದಾನ.

ಮಧ್ಯಾಹ್ನ ಎಲ್ಲಾರಿಗೂ ನಿದ್ದಿ ಬರೋ ಹೊತ್ತು. ಆಗ ಕಾರ್ಡ್ ಹಿಡಿಸಾಕ ಹೋದ್ರ ನನಗೂ ಸುಖ ಇಲ್ಲ, ಅವಕ್ಕೂ ಸುಖ ಇಲ್ಲ. ಮಣ್ಣೆತ್ತಿನ ಅಮಾಸಿ ಹತ್ರ ಬಂದೈತಿ, ಹಿಂಗಾಗಿ ಕೆರಿ ಮಣ್ಣು ತಂದು ಎತ್ತು ಮಾಡಾಕ ಹಚ್ಚೀನಿ. ಕೋಡು ನಿಲ್ಲಂಗಿಲ್ಲ, ಕಡ್ಡಿ ಚುಚ್ಚತಾರ. ಬೆನ್ನ ಮ್ಯಾಲಿನ ಇಣಿ ನಿಲ್ಲಬೇಕಂದ್ರ ಹೊಟ್ಟಿ ದಪ್ಪ ಮಾಡಬೇಕು, ಇದನ್ನ ಅವ್ರ ಕಂಡುಹಿಡದ್ರು. ಮಾಡಿದ ಮ್ಯಾಲೆ ಚೀಟ್ಯಾಗ ಹೆಸ್ರು ಬರದು ಮುಂದ ಇಡಬೇಕು. ಈ ಬಡಿಗ್ಯಾರ ಹುಡುಗ ಮಾಡಿದ್ದು ಎತ್ತಲ್ಲ, ಟ್ರ್ಯಾಕ್ಟರ್. ಮಣ್ಣಟ್ರ್ಯಾಕ್ಟರ್ ಅಮಾಸಿ ಎಲ್ಲೈತೋ ಅಂದೆ. "ಊರಾಗ ಎತ್ತ ಎಲ್ಲ್ಯದಾವ್ರಿ ಟೀಚರ್?" ಅಂದ. ನಾಕೈದು ಜೋಡಿ ಅದಾವು, ಆದ್ರ ಅಂವ ಹೇಳಿದ್ರಾಗೂ ಅರ್ಥ ಐತಿ. ಟ್ರ್ಯಾಕ್ಟರ್ ಅಂತ ಬರಿಯಾಕ ಇನ್ನಾ ಬರಂಗಿಲ್ಲಲ್ಲ, ಚೀಟ್ಯಾಗ ಏನು ಬರದಾನ ನೋಡ್ರಿ: ಗರಗರ. ತನಗ ಬರೋ ಎರಡು ಅಕ್ಷರದಾಗ ಇಂಜಿನ್ ಚಾಲೂ ಮಾಡಿಟ್ಟಾನ.

ಈಗ ನನ್ನ ಚಿಂತಿ ಹೇಳ್ತೀನಿ. ಮೂರನೇ ಕ್ಲಾಸಿಗೆ ಏಣಿ ಮುಗೀತೈತಿ. ನಾಕನೇದಾಗ ಎಲ್ಲಾರಿಗೂ ಒಂದ ಪುಸ್ತಕ, ಎಲ್ಲಾರಿಗೂ ಒಂದ ಪಾಠ. ಓದು ಕರ್ನಾಟಕ ಅಂತ ಐತಿ, ನಾಕು ಐದನೇ ಕ್ಲಾಸಿನ ಮಕ್ಕಳನ್ನ ಓದೋ ಮಟ್ಟ ನೋಡಿ ಗುಂಪು ಮಾಡಿ ಕಲಸ್ತಾರ, ಚೊಲೋ ಐತಿ. ಆದ್ರ ಉಳದ ಪಾಠ ಯಾರಿಗೂ ನಿಲ್ಲಂಗಿಲ್ಲ. ಈ ಹಸಿರು ಬಳಿಯಾಕಿ ಬರೋ ಸುಗ್ಗಿಗೂ ಹೋಗ್ತಾಳ, ಅವ್ವ ಈಗ ಹೇಳ್ಯಾಳ. ಅಲ್ಲಿ ಸಾಲಿಗೆ ಹಾಕೋದಿಲ್ಲೇನು ಅಂದ್ರ, "ಹಾಕಿದ್ವಿರೀ, ನಿಮ್ಮ ಹುಡುಗಿ ಎಲ್ಲೀಮಟ ಕಲ್ತಾಳ ಅಂತ ಕೇಳಿದ್ರು, ನನಗೇನು ತಿಳೀತೈತಿ?" ಅಂದ್ಲು.

ಅದಕ್ಕ ಈ ಸಲ ದೀಪಾವಳಿ ಹೊತ್ತಿಗೆ, ಹೊಂಟು ನಿಂತ ಮನಿ ಮಕ್ಕಳದ್ದು ಒಬ್ಬೊಬ್ಬರದು ಒಂದು ಹಾಳಿ ಬರದು, ಅದ್ರ ಫೋಟೋನೂ ಅವ್ವಂದಿರ ಫೋನಿಗೆ ಹಾಕಿ ಕಳಸ್ತೀನಿ. ಯಾವ ಅಕ್ಷರ ಬರ್ತಾವ, ಎಲ್ಲಿ ತಡಿತೈತಿ, ಲೆಕ್ಕ ಬಾಯಿಲೆ ಎಷ್ಟು, ಬರದು ಎಷ್ಟು. ಮಂಗಳೂರು, ಬೆಂಗಳೂರು ಕಡೆ ಇಂಥ ಮಕ್ಕಳಿಗೆ ಕಲಸೋ ಟೀಚರ್ರು, ಸರ್‌ಗಳು ಯಾರಾರ ಇದನ್ನ ಕೇಳಾಕತ್ತಿದ್ರ ಒಂದು ಉಪಕಾರ ಮಾಡ್ರಿ. ನಡು ವರ್ಷದಾಗ ಒಂದು ಹೊಸಾ ಹುಡುಗಿ ಬಂದು ನಿಮ್ಮ ಕ್ಲಾಸಿನ ಬಾಗ್ಲಾಗ ನಿಂತ್ರ, ಆಕಿ ಬಗ್ಗೆ ನಿಮಗ ಮೊದಲ ಏನು ತಿಳಿಬೇಕು? ಅದನ್ನ ಹೇಳಿದ್ರ, ಹಾಳ್ಯಾಗ ಅದನ್ನ ಮ್ಯಾಲೆ ಬರಿತೀನಿ.