ಮೂಗು ಮುಂದೆ ಬರಬೇಕಾದರೆ

ಕೇಳುಗರಿಗೆ ನಮಸ್ಕಾರ.

ಮರದಲ್ಲಿ ಮೊದಲ ಸಲ ಮುಖ ಕೆತ್ತಿದವರ ಗೊಂಬೆಗಳನ್ನು ಒಂದು ಸಾಲಿನಲ್ಲಿ ನಿಲ್ಲಿಸಿ ನೋಡಿ. ಎಲ್ಲವೂ ಬಸ್ಸಿನ ಕಿಟಕಿ ಗಾಜಿಗೆ ಮುಖ ಒತ್ತಿಕೊಂಡಂತೆ ಕಾಣುತ್ತವೆ. ಮೂಗು ಚಪ್ಪಟೆ, ಕಣ್ಣು ಕೆನ್ನೆಯ ಮಟ್ಟಕ್ಕೇ ಅಂಟಿಕೊಂಡಿರುತ್ತದೆ. ಇದು ಕಲೆಯ ಕೊರತೆಯಲ್ಲ. ಮರ ತೆಗೆಯಲು ಕೈ ಅಂಜಿದ್ದು, ಅಷ್ಟೆ. ನಗೆಗೊಂಬೆಗೆ ಆ ಅಂಜಿಕೆ ಆಗಿಬರುವುದಿಲ್ಲ. ಅಲ್ಲಿ ಮೂಗು ಮೂಗಿಗಿಂತ ದೊಡ್ಡದಿರಬೇಕು, ಕಣ್ಣಿನ ಗುಳಿ ಇನ್ನೂ ಆಳಕ್ಕೆ ಇಳಿದಿರಬೇಕು.

ಚನ್ನಪಟ್ಟಣದ ಗೊಂಬೆ ಲೇತಿನಲ್ಲಿ ಕಡೆದದ್ದು. ತಿರುಗುತ್ತಿರುವಾಗಲೇ ಅದಕ್ಕೆ ಅರಗಿನ ಬಣ್ಣ ಹಿಡಿಸುತ್ತಾರೆ. ಇವತ್ತು ಹೇಳಹೊರಟಿರುವುದು ಬರೀ ಚಾಕುವಿನಿಂದ ಕೆತ್ತುವ ನಗೆಗೊಂಬೆ. ಇದರ ದೊಡ್ಡ ಹೆಸರು ಸ್ವೀಡನ್ನಿನ ಆಕ್ಸೆಲ್ ಪೆಟರ್ಸನ್, 1868ರಲ್ಲಿ ಹುಟ್ಟಿ 1925ರಲ್ಲಿ ತೀರಿಕೊಂಡವರು. ತಮ್ಮ ಸುತ್ತಮುತ್ತಲಿನ ರೈತರು, ಮದುವೆಗೆ ನಿಂತವರು, ಹೆಣದ ಹಿಂದೆ ಹೊರಟವರು, ಹೀಗೆ ಕಂಡವರನ್ನೆಲ್ಲ ಆಲ್ಡರ್ ಮರದಲ್ಲಿ ಕೆತ್ತಿದರು. ಚಾಕು ಬಿಟ್ಟ ಅಗಲ ಪಟ್ಟೆಗಳನ್ನು ಉಜ್ಜಿ ಅಳಿಸಲಿಲ್ಲ. ಆಸ್ಕರ್ಸ್‌ಹಾಮ್ನ್ ಪಟ್ಟಣದ ಮ್ಯೂಸಿಯಮ್ಮಿನಲ್ಲಿ ಇವತ್ತಿಗೂ ಆ ಗೊಂಬೆಗಳಿವೆ.

ಅಮೆರಿಕದವರು ಇದಕ್ಕೆ ಬಾಸ್‌ವುಡ್ ಎಂಬ ಮೆದು ಮರ ಬಳಸುತ್ತಾರೆ. ನಮ್ಮಲ್ಲಿ ಚನ್ನಪಟ್ಟಣದವರು ಬಳಸುವ ಹಾಲೆ ಮರವೇ ಸರಿ: ಬಿಳುಪು, ಸಣ್ಣ ಎಳೆ, ಮೆದು. ತೇಗದ ಗೊಡವೆ ಬೇಡ. ಕೈ ಸೋಲುತ್ತದೆ, ಮೇಲೆ ಹಾಕಿದ ತೆಳು ಬಣ್ಣವೂ ಕಾಣುವುದಿಲ್ಲ. ಮರ ಒಣಗಿದ್ದು ತೀರಾ ಬಿರುಸಾಗಿದ್ದರೆ ನೀರು, ಸರ್ಜಿಕಲ್ ಸ್ಪಿರಿಟ್ ಸಮಸಮ ಬೆರೆಸಿ ಒಂದೆರಡು ಸಲ ಚಿಮುಕಿಸಿ, ಐದು ನಿಮಿಷ ಬಿಟ್ಟು ಕೆತ್ತಿ. ಚಾಕುವಿನ ಅಲಗು ಒಂದೂವರೆ ಇಂಚು ಇದ್ದರೆ ಸಾಕು. ಮರ ಹಿಡಿಯುವ ಕೈಗೆ ಚಾಕು ತಾಗಿದರೂ ಕೊಯ್ಯದ ಗ್ಲೌಸ್, ಚಾಕು ಹಿಡಿದ ಕೈಯ ಹೆಬ್ಬೆರಳಿಗೆ ತೊಗಲಿನ ಕವಚ ಇರಲಿ. ಇವೆರಡೂ ಇಲ್ಲದೆ ಕೂರಬೇಡಿ.

ಅಲಗು ಮೊಂಡಾಯಿತೆಂದು ಹೇಗೆ ತಿಳಿಯುವುದು? ಕೊಯ್ದ ಜಾಗ ಬೆಳಕಿಗೆ ಹಿಡಿದರೆ ಹೊಳೆಯಬೇಕು. ಮಂಕಾಗಿ ನವಿರೆದ್ದಿದ್ದರೆ ಅಲಗು ಹೋಗಿದೆ. ಬಿಳಿ ಗೀರುಗಳು ಕಂಡರೆ ಅಲಗಿನ ಅಂಚಿನಲ್ಲಿ ಸಣ್ಣ ಮುಕ್ಕಿದೆ. ಅರ್ಧ ಗಂಟೆಗೊಮ್ಮೆ ಪಾಲಿಷ್ ಮಸಾಲೆ ಹಚ್ಚಿದ ತೊಗಲ ಪಟ್ಟಿಯ ಮೇಲೆ ಒಂದೊಂದು ಬದಿಗೆ ಹದಿನೈದು ಸಲ ಎಳೆಯಿರಿ. ಎಳೆತ ಅಲಗಿನ ಬೆನ್ನಿನ ಕಡೆಗೆ. ಮುಂದಕ್ಕೆ ತಳ್ಳಿದರೆ ತೊಗಲೇ ಕತ್ತರಿಸಿ ಹೋಗುತ್ತದೆ.

ಮೊದಲ ದಿನವೇ ಪೂರ್ತಿ ಆಳಿನ ಗೊಂಬೆ ಬೇಡ. ಒಂದೂವರೆ ಇಂಚು ಚೌಕದ, ಒಂದಡಿ ಉದ್ದದ ಕೋಲು ತೆಗೆದುಕೊಳ್ಳಿ. ಮರದ ಎಳೆ ಉದ್ದಕ್ಕೆ ಓಡಿರಬೇಕು. ಮುಖವನ್ನು ಸಪಾಟು ಬದಿಯಲ್ಲಿ ಕೆತ್ತದೆ ಮೂಲೆಯ ಏಣಿನ ಮೇಲೆ ಕೆತ್ತಿ. ಗುಟ್ಟು ಇರುವುದೇ ಇಲ್ಲಿ. ಏಣು ತಾನೇ ಮೂಗಾಗುತ್ತದೆ, ಕೆನ್ನೆಗಳು ಎರಡೂ ಬದಿಗೆ ತಾವಾಗಿ ಹಿಂದೆ ಸರಿದಿರುತ್ತವೆ. ಮೂರು ಇಂಚಿಗೊಂದು ಮುಖವೆಂದರೂ ನಾಲ್ಕು ಏಣಿಗೆ ಹದಿನಾರು ಮುಖ. ಮೊದಲ ನಾಲ್ಕು ಒಲೆಗೆ ಹೋದರೂ ಚಿಂತೆಯಿಲ್ಲ.

ಒಂದು ಮುಖಕ್ಕೆ ಎರಡೂ ಕಾಲು ಇಂಚು ಇಟ್ಟುಕೊಂಡು ಪೆನ್ಸಿಲಿನಲ್ಲಿ ಮೂರು ಪಾಲು ಮಾಡಿ, ಮುಕ್ಕಾಲು ಮುಕ್ಕಾಲು ಇಂಚು: ಕೂದಲಿನ ಗೆರೆಯಿಂದ ಹುಬ್ಬು, ಹುಬ್ಬಿನಿಂದ ಮೂಗಿನ ತಳ, ಅಲ್ಲಿಂದ ಗಲ್ಲ. ಹುಬ್ಬಿನ ಗೆರೆಯಲ್ಲಿ ಅಲಗನ್ನು ನೆಟ್ಟಗೆ ಒತ್ತಿ ಏಣಿಗೆ ಅಡ್ಡ ಕೊಯ್ಯಿರಿ. ಇದು ತಡೆಗೆರೆ. ಬಳಿಕ ಮೂಗಿನ ತುದಿಯ ಕಡೆಯಿಂದ ಓರೆಯಾಗಿ ಮೇಲಕ್ಕೆ ಬಂದು ಆ ಗೆರೆಗೆ ಮುಟ್ಟಿಸಿ. ಚಕ್ಕೆ ಕಳಚಿ ಬೀಳುತ್ತದೆ. ಮೂಗಿನ ತಳದಲ್ಲೂ ಹೀಗೆಯೇ ತಡೆಗೆರೆ, ಆಮೇಲೆ ತುಟಿಯ ಕಡೆಯಿಂದ ಮೇಲಕ್ಕೆ ಓರೆ ಕೊಯ್ತ. ಹುಬ್ಬಿನ ಕೆಳಗಿನ ಕಚ್ಚು ಕಾಲು ಇಂಚು ಆಳ ಇಳಿಯಲಿ. ಹೆಚ್ಚಾಯಿತು ಅನ್ನಿಸುತ್ತದೆ, ಆಗಿರುವುದಿಲ್ಲ.

ಚಕ್ಕೆ ತಾನಾಗಿ ಬೀಳದಿದ್ದರೆ ಎರಡು ಕೊಯ್ತಗಳು ಒಂದನ್ನೊಂದು ಮುಟ್ಟಿಲ್ಲ ಎಂದರ್ಥ. ಅಲ್ಲಿ ಚಾಕು ತೂರಿಸಿ ಮೀಟುತ್ತಾರೆ ನೋಡಿ, ಮೂಗಿನ ತುದಿ ಹಾರುವುದು ಆಗಲೇ. ಮೀಟಬೇಡಿ, ತಡೆಗೆರೆಯನ್ನೇ ಇನ್ನೊಮ್ಮೆ ಆಳ ಮಾಡಿ. ಹಾರಿಯೇ ಹೋಗಿದ್ದರೆ ತುಂಡು ಹುಡುಕಿ ಫೆವಿಕ್ವಿಕ್ ಹಾಕಿ ಕೂರಿಸಿ. ಸಿಗದಿದ್ದರೆ ಗೊಂಬೆಗೆ ಮೊಂಡು ಮೂಗು ಅಂದುಕೊಳ್ಳಿ. ಚಾಕು ಒಳಕ್ಕೆ ಸೆಳೆದುಕೊಂಡು ಮರ ಸಿಗಿದು ಬಂದರೆ ನೀವು ಎಳೆಗೆ ಎದುರಾಗಿ ಹೋಗುತ್ತಿದ್ದೀರಿ. ಬಲ ಹಾಕದೆ ಮರವನ್ನು ತಿರುಗಿಸಿ ಆ ಕಡೆಯಿಂದ ಬನ್ನಿ.

ಇನ್ನು ಕಣ್ಣಿನ ಗುಳಿಗಳು. ಮೂಗಿನ ಬುಡದ ಪಕ್ಕ ಅವು ಎಲ್ಲಕ್ಕಿಂತ ಆಳ. ಮೂಗಿನ ಹೊಳ್ಳೆಯಿಂದ ಬಾಯಿಯ ಕೊನೆ ದಾಟಿ ಇಳಿಯುವ ನಗೆಗೆರೆ ಕೆತ್ತಿ. ಬಾಯಿಯ ಜಾಗವನ್ನು ಮೊದಲು ದುಂಡು ಮಾಡಿ, ಗೆರೆ ಆಮೇಲೆ. ಚಪ್ಪಟೆ ಮರದ ಮೇಲೆ ಬಾಯಿ ಕೊರೆದರೆ ಅಂಚೆಪೆಟ್ಟಿಗೆ ಆಗುತ್ತದೆ.

ಕೈ ಕುದುರಿದ ಮೇಲೆ ಎರಡು ಇಂಚು ಚೌಕ, ಐದು ಇಂಚು ಎತ್ತರದ ತುಂಡಿನಲ್ಲಿ ರುಮಾಲು ಸುತ್ತಿದ ಅಜ್ಜನನ್ನು ನಿಲ್ಲಿಸಿ. ನಿಜವಾದ ಆಳು ಏಳೂವರೆ ತಲೆಯಷ್ಟು ಎತ್ತರ. ನಗೆಗೊಂಬೆಗೆ ನಾಲ್ಕು ತಲೆ ಸಾಕು. ತಲೆ, ಅಂಗೈ, ಪಾದ ದೊಡ್ಡದಿರಲಿ, ಕಾಲು ಗಿಡ್ಡ. ಕೈಗಳನ್ನು ಮುಂದಕ್ಕೆ ಚಾಚಿಸಬೇಡಿ, ಎಳೆ ಅಡ್ಡವಾಗಿ ಮುರಿಯುತ್ತದೆ. ಪಂಚೆಯೊಳಗೆ ಇಳಿಬಿಡಿ, ಇಲ್ಲವೇ ಬೆನ್ನ ಹಿಂದೆ ಕಟ್ಟಿಸಿ.

ಸ್ಯಾಂಡ್‌ಪೇಪರ್ ಮುಟ್ಟಲೇಬೇಡಿ. ಅದರ ಕಣ ಮರದಲ್ಲಿ ಉಳಿದು ಅಲಗನ್ನು ತಿನ್ನುತ್ತದೆ, ಚಾಕುವಿನ ಪಟ್ಟೆಯ ಅಂದವೂ ಹೋಗುತ್ತದೆ. ಬದಲಿಗೆ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಸೋಪುನೀರಲ್ಲಿ ತೊಳೆಯಿರಿ. ಪೆನ್ಸಿಲ್ ಗೆರೆ, ಕೈಯ ಜಿಡ್ಡು ಉಳಿದ ಕಡೆ ಬಣ್ಣ ಹಿಡಿಯುವುದಿಲ್ಲ.

ಹೊಸಬರು ಬಣ್ಣವನ್ನು ಗೋಡೆಗೆ ಬಳಿದಂತೆ ಬಳಿಯುತ್ತಾರೆ. ಒಂದು ಹನಿ ಅಕ್ರಿಲಿಕ್‌ಗೆ ಹತ್ತು ಹನಿ ನೀರು ಹಾಕಿ. ಸುದ್ದಿಪತ್ರಿಕೆಯ ಮೇಲೆ ಬಳಿದು ನೋಡಿದರೆ ಕೆಳಗಿನ ಅಕ್ಷರ ಓದಲು ಬರಬೇಕು. ಮೊದಲು ಮೈಬಣ್ಣ, ಅದು ಹಸಿಯಿರುವಾಗಲೇ ಮೂಗಿನ ತುದಿ, ಕೆನ್ನೆ, ಕಿವಿಗೆ ಚೂರು ಕೆಂಪು. ಆಮೇಲೆ ಬಟ್ಟೆ. ಬಣ್ಣ ಎಳೆ ಹಿಡಿದು ಪಕ್ಕಕ್ಕೆ ಹರಿಯುವುದುಂಟು, ರುಮಾಲಿನ ಕೆಂಪು ಹಣೆಗೆ ಇಳಿಯುತ್ತದೆ. ನಡುವೆ ಆಳದ ತಡೆಗೆರೆಯಿದ್ದರೆ ಅದೇ ಕಟ್ಟೆಯಾಗುತ್ತದೆ. ಬ್ರಷ್ಷನ್ನು ಬಟ್ಟೆಗೆ ಒತ್ತಿ ನೀರು ಇಳಿಸಿಕೊಳ್ಳುವುದನ್ನೂ ಮರೆಯಬೇಡಿ.

ಒಂದು ದಿನ ಒಣಗಿದ ಮೇಲೆ ಡಬಲ್ ಬಾಯಿಲ್ಡ್ ಅಗಸೆ ಎಣ್ಣೆ ಸವರಿ ಒರೆಸಿ. ಮಂಕಾಗಿದ್ದ ಬಣ್ಣ ಏಳುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಕಾವು ಹುಟ್ಟಿ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಲ್ಲದು. ನೀರಲ್ಲಿ ನೆನೆಹಾಕಿ, ಇಲ್ಲವೇ ಅಂಗಳದಲ್ಲಿ ಬಿಡಿಸಿ ಹರವಿ.

ಎಣ್ಣೆಗೆ ಮೊದಲೇ ಮುಗಿಯಬೇಕಾದ ಒಂದು ಕೆಲಸ ಹೇಳದೆ ಉಳಿಸಿಕೊಂಡಿದ್ದೆ: ಕಣ್ಣು. ಅದಕ್ಕೆ ಅಚ್ಚ ಬಿಳಿ ಬೇಡ, ಮಜ್ಜಿಗೆಯ ಬಿಳುಪು ಸಾಕು. ಪಾಪೆಗಳನ್ನು ನಟ್ಟನಡುವೆ ಇಟ್ಟರೆ ಅಜ್ಜ ದುರುಗುಟ್ಟುತ್ತಾನೆ; ಎರಡನ್ನೂ ಒಂದೇ ಪಕ್ಕಕ್ಕೆ ಸರಿಸಿದರೆ ಯಾರದೋ ಮಾತು ಕದ್ದು ಕೇಳುತ್ತಿರುವಂತೆ ಕಾಣುತ್ತಾನೆ. ಕೊನೆಗೆ ಹಲ್ಲುಕಡ್ಡಿಯ ತುದಿಯಿಂದ ಎರಡೂ ಪಾಪೆಗೆ ಒಂದೊಂದು ಬಿಳಿ ಚುಕ್ಕಿ. ಎರಡೂ ಒಂದೇ ಬದಿಗಿರಲಿ. ಬೆಳಕು ಬರುವ ಕಿಟಕಿ ಒಂದೇ ತಾನೆ.

ನಮಸ್ಕಾರ.