ನ್ಯಾನೊ ರಂಧ್ರ: ಲೆಕ್ಕಕ್ಕೆ ಕೂರುವ ಮುನ್ನ

ಕೇಳುಗರಿಗೆ ನಮಸ್ಕಾರ. ಆವೇಶವುಳ್ಳ ಪೊರೆಯ ರಂಧ್ರದಲ್ಲಿ ನೀರೂ ಅಯಾನುಗಳೂ ಹೇಗೆ ಸಾಗುತ್ತವೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಹೊರಟ ವಿದ್ಯಾರ್ಥಿಗಳೇ, ಸಾಫ್ಟ್‌ವೇರ್ ಆಮೇಲೆ ತೆರೆಯಿರಿ. ಮೊದಲು ಕಾಗದದ ಮೇಲೆ ಎರಡು ಅಳತೆ ಪಕ್ಕಪಕ್ಕ ಬರೆಯಿರಿ: ರಂಧ್ರದ ತ್ರಿಜ್ಯ, ಡಿಬೈ ಉದ್ದ.

ಗೋಡೆಯ ಆವೇಶದ ಪ್ರಭಾವ ನೀರಿನೊಳಗೆ ಎಷ್ಟು ದೂರ ಮುಟ್ಟುತ್ತದೋ ಅದೇ ಡಿಬೈ ಉದ್ದ. ಅಡುಗೆ ಉಪ್ಪಿನ ದ್ರಾವಣವಾದರೆ, 0.3 ಅನ್ನು ಮೋಲಾರ್ ಸಾಂದ್ರತೆಯ ವರ್ಗಮೂಲದಿಂದ ಭಾಗಿಸಿ. ನ್ಯಾನೊಮೀಟರಿನಲ್ಲಿ ಉತ್ತರ ಬರುತ್ತದೆ. 1 ಮೋಲಾರ್‌ಗೆ 0.3. 0.01 ಮೋಲಾರ್‌ಗೆ 3.

ಈಗ 2 ನ್ಯಾನೊಮೀಟರ್ ತ್ರಿಜ್ಯದ ರಂಧ್ರ ತೆಗೆದುಕೊಳ್ಳಿ. ಗೋಡೆಯ ಮೇಲೆ ಚದರಮೀಟರಿಗೆ 0.01 ಕೂಲಂಬ್ ಋಣ ಆವೇಶ. ಏನು ಮಹಾ ಅನ್ನಬೇಡಿ. 4 ನ್ಯಾನೊಮೀಟರ್ ಉದ್ದಗಲದ ಚೌಕಕ್ಕೆ ಒಂದೇ ಎಲೆಕ್ಟ್ರಾನಿನಷ್ಟು, ನಿಜ. ಆದರೆ ಇದನ್ನು ಒಳಗಿನ ನೀರಿಗೆ ಹಂಚಿ ನೋಡಿ: ಆವೇಶದ ಎರಡರಷ್ಟನ್ನು ತ್ರಿಜ್ಯದಿಂದ ಭಾಗಿಸಿ, ಮತ್ತೆ ಫ್ಯಾರಡೆ ಸ್ಥಿರಾಂಕ 96,485ರಿಂದ ಭಾಗಿಸಿ. ಘನಮೀಟರಿಗೆ ಸುಮಾರು 104 ಮೋಲ್, ಅಂದರೆ 0.1 ಮೋಲಾರ್! ಹೊರಗೆ 0.01 ಮೋಲಾರ್ ಉಪ್ಪಿದ್ದರೆ ಡಾನನ್ ನಿಯಮ ಸರಳ: ಒಳಗಿನ ಸೋಡಿಯಂ, ಕ್ಲೋರೈಡ್‌ಗಳ ಗುಣಲಬ್ಧ ಹೊರಗಿನದಕ್ಕೆ ಸಮ. ಗೋಡೆಯ ಋಣ ಆವೇಶ ಸರಿದೂಗಲು ಒಳಗೆ ಸೋಡಿಯಂ ಕ್ಲೋರೈಡಿಗಿಂತ 0.1 ಮೋಲಾರ್ ಹೆಚ್ಚಿರಬೇಕು. ಲೆಕ್ಕ ಬಿಡಿಸಿದರೆ ಸೋಡಿಯಂ 0.101, ಕ್ಲೋರೈಡ್ ಬರೀ 0.001. ಹತ್ತು ಕ್ಲೋರೈಡ್‌ಗಳಲ್ಲಿ ಒಂಬತ್ತಕ್ಕೆ ಒಳಗೆ ಜಾಗವಿಲ್ಲ.

ಅದೇ ರಂಧ್ರಕ್ಕೆ 1 ಮೋಲಾರ್ ಉಪ್ಪು ಹಾಕಿ. ಒಳಗಿನ ಕ್ಲೋರೈಡ್ 0.95 ಎಂದು ಸೂತ್ರ ಅನ್ನುತ್ತದೆ. ಸೂತ್ರಕ್ಕೇನು, ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತದೆ! ರಂಧ್ರದ ಅಡ್ಡಕ್ಕೂ ವಿಭವ ಒಂದೇ ಸಮ ಎಂದು ನಂಬಿ ಬರೆದ ಸೂತ್ರ ಅದು. ಇಲ್ಲಿ ಡಿಬೈ ಉದ್ದ 0.3, ತ್ರಿಜ್ಯ 2. ನಡುವಿನ ನೀರಿಗೆ ಗೋಡೆಯ ಸುದ್ದಿಯೇ ಮುಟ್ಟಿಲ್ಲ. ಆವೇಶದಿಂದ ವಿಭವ ಕಂಡುಹಿಡಿಯುವ ಪ್ವಾಸಾನ್ ಸಮೀಕರಣವನ್ನು ಗೋಡೆಯಿಂದ ಮಧ್ಯದವರೆಗೆ ಬಿಡಿಸಲೇಬೇಕು. ಅದಕ್ಕೇ ಹೇಳಿದ್ದು, ಎರಡು ಅಳತೆ ಪಕ್ಕಪಕ್ಕ ಬರೆಯಿರಿ ಎಂದು.

ಸಮಯ ಇದಕ್ಕೇ ಹೋಯಿತು. ಉಳಿದದ್ದು ಬೇಗ ಹೇಳುತ್ತೇನೆ. ವಿಭವಕ್ಕೆ ಪ್ವಾಸಾನ್, ಅಯಾನುಗಳ ಸಾಗಾಟಕ್ಕೆ ನೆರ್ನ್ಸ್ಟ್-ಪ್ಲಾಂಕ್, ನೀರಿನ ಹರಿವಿಗೆ ಸ್ಟೋಕ್ಸ್, ಈ ಮೂರು ಸಮೀಕರಣಗಳನ್ನೂ ಒಟ್ಟಿಗೆ ಬಿಡಿಸುವಾಗ ಲೆಕ್ಕಕ್ಕಾಗಿ ರಂಧ್ರವನ್ನು ಸಣ್ಣ ಕೋಶಗಳ ಜಾಲವಾಗಿ ಒಡೆಯುತ್ತೇವೆ; ಅದರಲ್ಲಿ ಗೋಡೆಯ ಬಳಿಯ ಮೊದಲ ಜಾಲಕೋಶ ಡಿಬೈ ಉದ್ದದ ಹತ್ತನೇ ಒಂದು ಭಾಗಕ್ಕಿಂತ ದಪ್ಪ ಇರಬಾರದು. ದಪ್ಪವಾದರೆ ವಿದ್ಯುತ್ ಎಳೆಯುವ ನೀರಿನ ಹರಿವು ತಪ್ಪಾಗಿ ಬರುತ್ತದೆ. ರಂಧ್ರದ ಎರಡೂ ತುದಿಗೆ ದ್ರಾವಣದ ತೊಟ್ಟಿ ಜೋಡಿಸಿ; ಬಾಯಿಯಲ್ಲೇ ಹೊರಗಿನ ಸಾಂದ್ರತೆ ಹೇರಿದರೆ ಡಾನನ್ ಜಿಗಿತ, ಅಂದರೆ ಬಾಯಿಯಲ್ಲಿ ಒಳಗೂ ಹೊರಗೂ ಸಾಂದ್ರತೆಯಲ್ಲಿ ಬರುವ ಹಠಾತ್ ವ್ಯತ್ಯಾಸ, ಮಾಯ. ಉತ್ತರ ಬಂದ ಮೇಲೆ, ರಂಧ್ರದ ನಡುಭಾಗದ ಒಂದು ತುಂಡಿನಲ್ಲಿ ಅಯಾನುಗಳ ಆವೇಶ ಕೂಡಿಸಿ. ಅಲ್ಲಿನ ಗೋಡೆಯ ಆವೇಶಕ್ಕೆ ಸಮವಾಗಿ, ಚಿಹ್ನೆ ಮಾತ್ರ ಉಲ್ಟಾ ಬರಬೇಕು. ಬರಲಿಲ್ಲವೇ? ಜಾಲ ಇನ್ನೂ ಸಣ್ಣ ಮಾಡಿ.

ತ್ರಿಜ್ಯ 1 ನ್ಯಾನೊಮೀಟರಿಗಿಂತ ಕಿರಿದಾದರೆ ಈ ಸಮೀಕರಣಗಳನ್ನು ನಂಬಬೇಡಿ. ಅಲ್ಲಿ ನೀರಿನ ಅಣುಗಳನ್ನೇ ಒಂದೊಂದಾಗಿ ಲೆಕ್ಕಕ್ಕೆ ತರಬೇಕಾಗುತ್ತದೆ. ನಮಸ್ಕಾರ.