ಹಂಸ ಸರೋವರ ಮತ್ತು ಒಬ್ಬ ರ‍್ಯಾಪರ್

ಕೇಳುಗರೆಲ್ಲರಿಗೂ ನಮಸ್ಕಾರ.

ಈ ಹೊತ್ತು ನಾನು ಮಾತನಾಡಲಿರುವುದು ರಷ್ಯಾದ ಒಬ್ಬ ಹಾಡುಗಾರರ ಬಗ್ಗೆ. ಅವರ ಹೆಸರು ಇವಾನ್ ಅಲೆಕ್ಸೆಯೆವ್. ವೇದಿಕೆಯ ಮೇಲೆ ಅವರು ನಾಯ್ಸ್ ಎಂಸಿ. ರಷ್ಯನ್ ಭಾಷೆ ಬಲ್ಲ ಯುವಜನರಿಗೆ ಈ ಎರಡನೆಯ ಹೆಸರೇ ಪರಿಚಿತ. ಅವರ ಸುತ್ತ ಹದಿನೈದು ವರ್ಷಗಳಿಂದ ವಿವಾದಗಳು ಬಿಡದೆ ಸುತ್ತಿಕೊಂಡಿವೆ. ಆದರೆ ರ‍್ಯಾಪ್ ಗಾಯಕರ ವಿವಾದವೆಂದರೆ ಸಾಮಾನ್ಯವಾಗಿ ನಮ್ಮ ಕಣ್ಣ ಮುಂದೆ ಬರುವ ಹೊಡೆದಾಟ, ಅಮಲು, ಹಣದ ಮೆರೆದಾಟ ಇವು ಯಾವುವೂ ಇಲ್ಲಿ ಮುಖ್ಯವಲ್ಲ. ಈ ಮನುಷ್ಯನ ಪ್ರತಿಯೊಂದು ದೊಡ್ಡ ವಿವಾದವೂ ಒಂದು ಹಾಡಿನಿಂದ, ಆ ಹಾಡಿನಲ್ಲಿ ಯಾರ ಕಡೆಗೆ ಬೆರಳು ತೋರಿಸಲಾಗಿದೆ ಎಂಬುದರಿಂದ, ಇಲ್ಲವೇ ಹಾಡುವಾಗ ಕೈಯಲ್ಲಿ ಏನಿತ್ತು ಎಂಬುದರಿಂದ ಹುಟ್ಟಿದ್ದು. ಅದಕ್ಕಾಗಿಯೇ ಅವರ ಬದುಕನ್ನು ನಾನು ಹಾಡುಗಳ ದಾರಿಯಲ್ಲೇ ಹೇಳುತ್ತೇನೆ.

ರ‍್ಯಾಪ್ ಎಂದರೆ ಮೂಗು ಮುರಿಯುವ ಹಿರಿಯರು ನಮ್ಮಲ್ಲಿ ಅನೇಕರಿದ್ದಾರೆ. ಅವರಿಗೆ ನಾನು ಉತ್ತರ ಕರ್ನಾಟಕದ ಹರದೇಶಿ–ನಾಗೇಶಿ ಮೇಳಗಳನ್ನು ನೆನಪಿಸಲು ಬಯಸುತ್ತೇನೆ. ರಾತ್ರಿಯಿಡೀ ಒಂದು ಮೇಳ ಪದ ಕಟ್ಟಿ ಸವಾಲು ಹಾಕುವುದು, ಇನ್ನೊಂದು ಮೇಳ ಪದದಲ್ಲೇ ಜವಾಬು ಕೊಡುವುದು, ಊರ ಜನ ಕುಳಿತು ಯಾರ ಮಾತು ಗೆದ್ದಿತೆಂದು ತೂಗಿ ನೋಡುವುದು. ರ‍್ಯಾಪ್ ಗಾಯಕರ ನಡುವೆ ನಡೆಯುವ ಪೈಪೋಟಿಯೂ ಇದಕ್ಕೆ ತೀರ ದೂರದ್ದೇನಲ್ಲ. ನಾಯ್ಸ್ ಎಂಸಿ ಬೆಳೆದು ಬಂದದ್ದು ಅಂಥ ಪೈಪೋಟಿಗಳ ಅಂಗಳದಿಂದಲೇ. ಇಂದಿಗೂ ಅವರ ಕಾರ್ಯಕ್ರಮಗಳಲ್ಲಿ ಸಭಿಕರು ತೋಚಿದ ಪದಗಳನ್ನು ಕೂಗಿ ಕೊಡುತ್ತಾರೆ. ಅವನ್ನೆಲ್ಲ ಪೋಣಿಸಿ ಅವರು ಅಲ್ಲಿಯೇ, ಆ ಕ್ಷಣದಲ್ಲೇ, ತಾಳ ತಪ್ಪದೆ ಪದ ಕಟ್ಟುತ್ತಾರೆ. ಅವಧಾನವನ್ನು ಕಂಡವರಿಗೆ ಇದು ಎಂಥ ಕಷ್ಟದ ವಿದ್ಯೆ ಎಂದು ವಿವರಿಸಬೇಕಾಗಿಲ್ಲ.

ಅವರು ಹುಟ್ಟಿದ್ದು 1985ರ ಮಾರ್ಚ್ 9ರಂದು, ಪಶ್ಚಿಮ ರಷ್ಯಾದ ಸ್ಮೊಲೆನ್ಸ್ಕ್ ಪ್ರಾಂತ್ಯದ ಯಾರ್ತ್ಸೆವೊ ಎಂಬ ಸಣ್ಣ ಊರಿನಲ್ಲಿ. ಮರುದಿನವೇ ಸೋವಿಯತ್ ಒಕ್ಕೂಟದ ನಾಯಕ ಕಾನ್‌ಸ್ತಾಂತಿನ್ ಚೆರ್ನೆಂಕೊ ತೀರಿಕೊಂಡರು, ಗೊರ್ಬಚೆವ್ ಅಧಿಕಾರಕ್ಕೆ ಬಂದರು. ಈ ಕಾಕತಾಳೀಯವನ್ನು ಕೇಳುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಅದು ಮತ್ತೆ ಬರುತ್ತದೆ. ತಂದೆ ತಾಯಿ ಬೇರೆಯಾದ ಮೇಲೆ ಹುಡುಗ ತಾಯಿಯೊಂದಿಗೆ ಬೆಲ್ಗೊರೊದ್ ನಗರಕ್ಕೆ ಬಂದ. ಬೆಲ್ಗೊರೊದ್‌ನಿಂದ ಉಕ್ರೇನಿನ ಗಡಿ ಕೇವಲ ನಲವತ್ತು ಕಿಲೋಮೀಟರ್, ಅಲ್ಲಿಂದ ಖಾರ್ಕಿವ್ ಇನ್ನೊಂದು ಅಷ್ಟೇ ದೂರ. ಗಡಿಯ ಆಚೆ ಈಚೆ ನೆಂಟಸ್ತನ, ವ್ಯಾಪಾರ, ಓಡಾಟ ಎಲ್ಲವೂ ಸಹಜವಾಗಿದ್ದ ಪ್ರದೇಶವದು. ಅಲ್ಲಿಯ ಸಂಗೀತ ಶಾಲೆಯಲ್ಲಿ ಹುಡುಗ ಕ್ರಮವಾಗಿ ಗಿಟಾರ್ ಕಲಿತ. 2002ರಲ್ಲಿ ಮಾಸ್ಕೋಗೆ ಹೋಗಿ ಮಾನವಿಕ ವಿಶ್ವವಿದ್ಯಾಲಯದಲ್ಲಿ ಸೇರಿದ. ಓದಲು ಆರಿಸಿಕೊಂಡದ್ದು ಕಂಪ್ಯೂಟರ್ ಮತ್ತು ಮಾಹಿತಿ ಸುರಕ್ಷತೆಯ ವಿಷಯವನ್ನು. ಹಾಸ್ಟೆಲ್ಲಿನ ಗೆಳೆಯರೊಂದಿಗೆ ತಂಡ ಕಟ್ಟಿ, ಹಳೆಯ ಅರ್ಬಾತ್ ಬೀದಿಯಲ್ಲಿ ನಿಂತು ಹಾಡಿ, ದಾರಿಹೋಕರು ಕೊಟ್ಟ ಚಿಲ್ಲರೆಯನ್ನು ಹಂಚಿಕೊಂಡ ದಿನಗಳು ಅವು. ಗಿಟಾರ್ ಬಲ್ಲ, ರಾಕ್ ಸಂಗೀತವನ್ನು ಮೆಚ್ಚುವ ರ‍್ಯಾಪರ್ ಎಂಬ ಕಾರಣಕ್ಕೆ ಎರಡೂ ಕಡೆಯವರು ಆಗ ಅವರನ್ನು ಅರ್ಧ ಅನುಮಾನದಿಂದ ನೋಡಿದ್ದುಂಟು.

2007ರಲ್ಲಿ ಅವರಿಗೆ ಹೆಸರು ತಂದ ಹಾಡಿನ ಶೀರ್ಷಿಕೆಯೇ 'ರೇಡಿಯೊಗಾಗಿ ಒಂದು ಹಾಡು' ಎಂದು. ಬಾನುಲಿಯ ಮುಂದೆ ಕುಳಿತು ಇದನ್ನು ಹೇಳುವಾಗ ನನಗೆ ಸಂತೋಷವಾಗುತ್ತದೆ. ಮರುವರ್ಷ 'ರೋಜಿಗ್ರಿಶ್' ಎಂಬ ಚಲನಚಿತ್ರದಲ್ಲಿ ಮುಖ್ಯ ಪಾತ್ರ, ದೊಡ್ಡ ಕಂಪನಿಯೊಂದರ ಒಪ್ಪಂದ, ಮೊದಲ ಆಲ್ಬಂ ಹೀಗೆ ಎಲ್ಲವೂ ಕೂಡಿ ಬಂದವು. ಆ ಹಂತದಲ್ಲಿ ಅವರು ಹಾಗೆಯೇ ಮುಂದುವರಿದಿದ್ದರೆ ಜನಪ್ರಿಯ ಯುವಗಾಯಕರ ಸಾಲಿನಲ್ಲಿ ಒಬ್ಬರಾಗಿ ಉಳಿಯುತ್ತಿದ್ದರು, ನಾನು ಇಂದು ಅವರ ಬಗ್ಗೆ ಮಾತನಾಡುತ್ತಿರಲಿಲ್ಲ.

2010ರ ಫೆಬ್ರವರಿ 25. ಮಾಸ್ಕೋದ ಲೆನಿನ್‌ಸ್ಕಿ ಹೆದ್ದಾರಿಯಲ್ಲಿ, ಗಗಾರಿನ್ ಚೌಕದ ಬಳಿ, ಬೆಳಗಿನ ಹೊತ್ತು ಒಂದು ಸಣ್ಣ ಸಿತ್ರೊಯೆನ್ ಕಾರು ಮತ್ತು ಒಂದು ಕಪ್ಪು ಮರ್ಸಿಡಿಸ್ ಮುಖಾಮುಖಿ ಡಿಕ್ಕಿಯಾದವು. ಸಣ್ಣ ಕಾರಿನಲ್ಲಿದ್ದವರು ಅತ್ತೆ ಮತ್ತು ಸೊಸೆ, ಇಬ್ಬರೂ ಹೆರಿಗೆ ವೈದ್ಯರು. ಇಬ್ಬರೂ ಉಳಿಯಲಿಲ್ಲ. ಮರ್ಸಿಡಿಸ್‌ನಲ್ಲಿದ್ದವರು ಬೃಹತ್ ತೈಲ ಕಂಪನಿ ಲುಕಾಯಿಲ್‌ನ ಉಪಾಧ್ಯಕ್ಷರು. ಅವರು ಸಣ್ಣಪುಟ್ಟ ಗಾಯಗಳೊಂದಿಗೆ ಪಾರಾದರು. ತಪ್ಪು ಸಣ್ಣ ಕಾರಿನದೇ ಎಂದು ಪೊಲೀಸರು ಬಹಳ ಬೇಗ ಹೇಳಿದರು. ಅಷ್ಟೊಂದು ಕ್ಯಾಮೆರಾಗಳಿರುವ ರಸ್ತೆಯಲ್ಲಿ ಡಿಕ್ಕಿಯ ಕ್ಷಣದ ಸ್ಪಷ್ಟ ಚಿತ್ರ ಮಾತ್ರ ಜನರ ಮುಂದೆ ಬರಲಿಲ್ಲ. ದೊಡ್ಡವರ ಕಾರುಗಳು ನೀಲಿ ದೀಪ ಹಾಕಿಕೊಂಡು ಎದುರು ದಿಕ್ಕಿನ ಪಥದಲ್ಲಿ ನುಗ್ಗುವುದನ್ನು ದಿನವೂ ನೋಡುತ್ತಿದ್ದ ಮಾಸ್ಕೋದ ಜನ ಪೊಲೀಸರ ಈ ಮಾತನ್ನು ನಂಬಲು ಸಿದ್ಧರಿರಲಿಲ್ಲ.

ಕೆಲವೇ ದಿನಗಳಲ್ಲಿ ನಾಯ್ಸ್ ಎಂಸಿಯ ಹಾಡು ಬಂತು. ಹೆಸರು 'ಮರ್ಸಿಡಿಸ್ ಎಸ್666'. ಬೈಬಲ್ಲಿನ ಕೊನೆಯ ಪುಸ್ತಕದಲ್ಲಿ 666 ಎಂಬುದು ಮೃಗದ ಸಂಖ್ಯೆ, ಸೈತಾನನ ಗುರುತು. ಹಾಡನ್ನು ಕಟ್ಟಿದ ಬಗೆಯಲ್ಲಿ ಅವರ ಪ್ರತಿಭೆ ಕಾಣುತ್ತದೆ. ಸತ್ತವರ ಪರವಾಗಿ ಅವರು ಅಳಲಿಲ್ಲ, ನ್ಯಾಯ ಕೊಡಿ ಎಂದು ಬೇಡಲೂ ಇಲ್ಲ. ಹಾಡಿನಲ್ಲಿ ಮಾತನಾಡುವವನು ಆ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತವನೇ. ತಾನು ಬೇರೆಯೇ ಜಾತಿಯ ಜೀವಿ, ತನ್ನ ರಥಕ್ಕೆ ದಾರಿ ಬಿಡಿ ಎಂದು ಅವನೇ ಗತ್ತಿನಿಂದ ಹೇಳಿಕೊಳ್ಳುತ್ತಾನೆ. ಕೇಳುವವನ ಮೈಯಲ್ಲಿ ಕೋಪ ಏರುವುದು ಆ ನೆಮ್ಮದಿಯ ದನಿಯಿಂದ. ಒಬ್ಬ ನಿಜವಾದ, ಬಲಾಢ್ಯ ವ್ಯಕ್ತಿಯ ಬಾಯಲ್ಲಿ ಹೀಗೆ ಮಾತು ಇರಿಸಬಹುದೇ ಎಂಬ ಪ್ರಶ್ನೆ ಆಗಲೇ ಎದ್ದಿತ್ತು, ಅದು ನ್ಯಾಯವಾದ ಪ್ರಶ್ನೆಯೇ. ಹಾಡು ಅಂತರ್ಜಾಲದಲ್ಲಿ ಕಾಡ್ಗಿಚ್ಚಿನಂತೆ ಹಬ್ಬಿತು. ಅಧ್ಯಕ್ಷ ಮೆದ್ವೆದೆವ್ ಪ್ರಕರಣವನ್ನು ಪರಿಶೀಲಿಸುವಂತೆ ಗೃಹ ಸಚಿವರಿಗೆ ಸೂಚಿಸಿದರು. ಕೊನೆಗೆ ತನಿಖೆ ಸಣ್ಣ ಕಾರನ್ನು ಓಡಿಸುತ್ತಿದ್ದ ಮೃತ ವೈದ್ಯೆಯದೇ ತಪ್ಪೆಂದು ತೀರ್ಮಾನಿಸಿತು, ಕಡತ ಮುಚ್ಚಿತು. ಆದರೆ ಹಾಡು ಮುಚ್ಚಿಹೋಗಲಿಲ್ಲ. ಆ ಅಪಘಾತವನ್ನು ಇಂದು ನೆನೆಯುವ ಅನೇಕರು ನೆನೆಯುವುದು ಆ ಹಾಡಿನ ಮೂಲಕವೇ.

ಅದೇ ವರ್ಷ ಜುಲೈ 31ರಂದು ವೋಲ್ಗೊಗ್ರಾದ್ ನಗರದ ಕಾರ್ಯಕ್ರಮವೊಂದರಲ್ಲಿ ಅವರು ಪೊಲೀಸರನ್ನು ಕುಟುಕುವ ಹಾಡು ಹಾಡಿದರು. ಕಾವಲಿಗೆ ನಿಂತಿದ್ದ ಪೊಲೀಸರೇ ಅವರನ್ನು ಹಿಡಿದರು. ಅಶ್ಲೀಲ ಪದ ಬಳಸಿ ಪುಂಡಾಟ ಮಾಡಿದರೆಂದು ನ್ಯಾಯಾಲಯ ಹತ್ತು ದಿನಗಳ ಬಂಧನ ವಿಧಿಸಿತು. ಬಂಧನದಲ್ಲಿದ್ದಾಗ ಅವರು ಪೊಲೀಸರಿಗೆ ಪ್ರಾಸಬದ್ಧವಾಗಿ ಕ್ಷಮೆ ಕೋರಿದ ವಿಡಿಯೊ ಹೊರಬಂತು. ಮೇಲ್ನೋಟಕ್ಕೆ ಅದು ವಿನಯದ ಕ್ಷಮಾಪಣೆ, ಆದರೆ ಕಿವಿಗೊಟ್ಟು ಕೇಳಿದವರಿಗೆ ಪ್ರತಿಯೊಂದು ಸಾಲಿನಲ್ಲೂ ಮುಳ್ಳು ತಾಕುತ್ತಿತ್ತು. ಹೊರಬಂದ ಮೇಲೆ ಆ ಹತ್ತು ದಿನಗಳೇ ಇನ್ನೊಂದು ಹಾಡಾದವು, ಅದರ ಶೀರ್ಷಿಕೆಯಲ್ಲಿ ನಗರದ ಹಳೆಯ ಹೆಸರು ಸ್ತಾಲಿನ್‌ಗ್ರಾದ್ ಮರಳಿ ಬಂದಿತ್ತು.

2014ರ ಆಗಸ್ಟ್ ಹೊತ್ತಿಗೆ ಕ್ರೈಮಿಯಾ ರಷ್ಯಾದ ವಶಕ್ಕೆ ಹೋಗಿತ್ತು, ಪೂರ್ವ ಉಕ್ರೇನಿನಲ್ಲಿ ಗುಂಡಿನ ಸದ್ದು ಕೇಳುತ್ತಿತ್ತು. ಆಗ ಅವರು ಉಕ್ರೇನಿನ ಲ್ವಿವ್ ಬಳಿ ನಡೆದ ಸಂಗೀತೋತ್ಸವಕ್ಕೆ ಹೋದರು. ಹಾಡುತ್ತಿದ್ದಾಗ ಸಭಿಕರ ನಡುವಿನಿಂದ ಉಕ್ರೇನಿನ ಧ್ವಜವೊಂದು ಅವರ ಕೈಗೆ ಬಂತು. ಅವರು ಅದನ್ನು ತೆಗೆದುಕೊಂಡರು, ಅಷ್ಟೇ. ಆ ಚಿತ್ರ ರಷ್ಯಾವನ್ನು ತಲುಪಿದ ಮೇಲೆ ತಾಯ್ನಾಡಿನಲ್ಲಿ ಅವರ ಕಾರ್ಯಕ್ರಮಗಳು ಒಂದರ ಹಿಂದೊಂದು ರದ್ದಾದವು. ಗಡಿಯ ಊರಿನಲ್ಲಿ ಬೆಳೆದವನಿಗೆ ನೆರೆಯವರ ಬಾವುಟ ಶತ್ರುವಿನ ಬಾವುಟವಾಗಿ ಕಾಣಲಿಲ್ಲ ಎಂಬುದನ್ನು ಕಾರ್ಯಕ್ರಮ ರದ್ದು ಮಾಡಿಸಿದವರು ಅರಿಯಲಿಲ್ಲವೋ, ಅರಿತೇ ಹಾಗೆ ಮಾಡಿದರೋ, ಪರಿಣಾಮ ಒಂದೇ ಆಯಿತು.

2018ರ ನವೆಂಬರಿನಲ್ಲಿ ಹಸ್ಕಿ ಎಂಬ ಮತ್ತೊಬ್ಬ ರ‍್ಯಾಪರ್, ಕ್ರಾಸ್ನೊದಾರ್‌ನಲ್ಲಿ ತನ್ನ ಕಾರ್ಯಕ್ರಮ ರದ್ದಾಯಿತೆಂದು ಬೀದಿಯಲ್ಲಿ ನಿಂತಿದ್ದ ಕಾರಿನ ಮೇಲೆ ಹತ್ತಿ ಹಾಡಿ ಜೈಲು ಸೇರಿದರು. ಅವರ ಬೆಂಬಲಕ್ಕಾಗಿ ಮಾಸ್ಕೋದಲ್ಲಿ ಓಕ್ಸಿಮಿರಾನ್, ಬಾಸ್ತಾ ಮತ್ತು ನಾಯ್ಸ್ ಎಂಸಿ ಒಂದೇ ವೇದಿಕೆಗೆ ಬಂದರು. ಹಸ್ಕಿಯ ರಾಜಕೀಯ ನಿಲುವು ಇವರ ನಿಲುವಿಗೆ ತೀರ ಬೇರೆಯಾಗಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. ಮುಂದಿನ ತಿಂಗಳು ಅಧ್ಯಕ್ಷ ಪುಟಿನ್ ಸಂಸ್ಕೃತಿ ಮಂಡಳಿಯ ಸಭೆಯಲ್ಲಿ ಈ ವಿಷಯವನ್ನೇ ಎತ್ತಿಕೊಂಡು, ರ‍್ಯಾಪ್ ನಿಂತಿರುವುದು ಕಾಮ, ಮಾದಕ ವಸ್ತು ಮತ್ತು ಪ್ರತಿಭಟನೆ ಎಂಬ ಮೂರು ಕಂಬಗಳ ಮೇಲೆ ಎಂದರು. ತಡೆಯಲಾಗದಿದ್ದರೆ ಅದರ ಮುಂದಾಳತ್ವವನ್ನು ವಹಿಸಿ ಸೂಕ್ತ ದಿಕ್ಕಿಗೆ ತಿರುಗಿಸಬೇಕು ಎಂಬ ಅರ್ಥದ ಮಾತನ್ನೂ ಆಡಿದರು.

2022ರ ಫೆಬ್ರವರಿ 24ರಂದು ರಷ್ಯಾದ ಸೇನೆ ಉಕ್ರೇನಿನೊಳಕ್ಕೆ ನುಗ್ಗಿತು. ನಾಯ್ಸ್ ಎಂಸಿ ಯುದ್ಧವನ್ನು ಬಹಿರಂಗವಾಗಿ ವಿರೋಧಿಸಿದರು, ದೇಶ ಬಿಟ್ಟರು, ಲಿಥುವೇನಿಯಾದಲ್ಲಿ ನೆಲೆಸಿದರು. ಮೊನೆತೊಚ್ಕಾ ಎಂಬ ಗಾಯಕಿಯೊಂದಿಗೆ ಸೇರಿ ಯುರೋಪಿನ ಊರೂರುಗಳಲ್ಲಿ ಹಾಡಿ, ಬಂದ ಹಣವನ್ನು ಉಕ್ರೇನಿನ ನಿರಾಶ್ರಿತರಿಗೆ ಕೊಟ್ಟರು. ಬಾಂಬು ಬೀಳುತ್ತಿರುವಾಗ ರಷ್ಯನ್ನರು ಯಾವ ವೇದಿಕೆಯನ್ನೂ ಏರಕೂಡದು ಎನ್ನುವ ಉಕ್ರೇನಿಯನ್ನರೂ ಇದ್ದರು. ಅವರ ನೋವಿಗೆ ಎದುರಾಡುವ ಧೈರ್ಯ ನನಗಿಲ್ಲ. ಆ ವರ್ಷದ ನವೆಂಬರಿನಲ್ಲಿ ರಷ್ಯಾ ಸರ್ಕಾರ ನಾಯ್ಸ್ ಎಂಸಿಯನ್ನು 'ವಿದೇಶಿ ಏಜೆಂಟ್' ಎಂದು ಘೋಷಿಸಿತು. ಸೋವಿಯತ್ ಕಾಲವನ್ನು ಕಂಡ ರಷ್ಯನ್ನರ ಕಿವಿಗೆ ಆ ಎರಡು ಪದಗಳು ಗೂಢಚಾರ, ದ್ರೋಹಿ ಎಂಬ ಹಳೆಯ ಮಾತುಗಳ ಹಾಗೆಯೇ ಕೇಳಿಸುತ್ತವೆ.

ಇನ್ನು ನಾನು ಹೇಳಬೇಕೆಂದುಕೊಂಡಿದ್ದ ಹಾಡಿಗೆ ಬರುತ್ತೇನೆ. ಯುದ್ಧ ಆರಂಭವಾದ ಮೇಲೆ ಅವರು ಹಾಡಿದ ಅದರ ಹೆಸರು 'ಹಂಸ ಸರೋವರ ಸಹಕಾರ ಸಂಘ'. ಕನ್ನಡದಲ್ಲಿ ಇದು ವಿಚಿತ್ರವಾಗಿ ಕೇಳಿಸಬಹುದು. 1996ರಲ್ಲಿ ಲೆನಿನ್‌ಗ್ರಾದ್ ಪ್ರಾಂತ್ಯದ ಒಂದು ಸರೋವರದ ದಂಡೆಯಲ್ಲಿ ಬೇಸಿಗೆ ಮನೆಗಳನ್ನು ಹೊಂದಿದ್ದ ಎಂಟು ಮಂದಿ ಒಂದು ಸಹಕಾರ ಸಂಘ ಮಾಡಿಕೊಂಡರು, ಹೆಸರು 'ಓಜೆರೊ', ಎಂದರೆ ಸರೋವರ. ಆ ಎಂಟು ಜನರಲ್ಲಿ ವ್ಲಾದಿಮಿರ್ ಪುಟಿನ್ ಒಬ್ಬರು. ಉಳಿದವರಲ್ಲಿ ಹಲವರು ಮುಂದೆ ರಷ್ಯಾದ ಬಹುದೊಡ್ಡ ಶ್ರೀಮಂತರೂ ಅಧಿಕಾರಸ್ಥರೂ ಆದರು. ಶೀರ್ಷಿಕೆಯ ಒಂದು ತುದಿ ಇಲ್ಲಿದೆ.

ಇನ್ನೊಂದು ತುದಿ ರಷ್ಯಾದ ಸಂಗೀತಕಾರ ಚೈಕೋವ್‌ಸ್ಕಿಯ 'ಹಂಸ ಸರೋವರ' ಎಂಬ ಬ್ಯಾಲೆ, ಎಂದರೆ ನೃತ್ಯನಾಟಕ. 1984ರಲ್ಲಿ ಇಂದಿರಾ ಗಾಂಧಿಯವರು ಹತರಾದಾಗ ನಮ್ಮ ಆಕಾಶವಾಣಿ ನಿತ್ಯದ ಕಾರ್ಯಕ್ರಮಗಳನ್ನೆಲ್ಲ ನಿಲ್ಲಿಸಿ ಶೋಕದ ವಾದ್ಯಸಂಗೀತವನ್ನು ಪ್ರಸಾರ ಮಾಡಿದ್ದು ಹಿರಿಯ ಕೇಳುಗರಿಗೆ ನೆನಪಿರಬೇಕು. ಮಾತಿಲ್ಲದ ಆ ಸಂಗೀತವೇ ಏನೋ ಆಗಬಾರದ್ದು ಆಗಿದೆ ಎಂದು ಮನೆಮನೆಗೆ ಹೇಳಿಬಿಡುತ್ತಿತ್ತು. ಸೋವಿಯತ್ ದೇಶದಲ್ಲೂ ಹಾಗೆಯೇ. ಬ್ರೆಜ್ನೆವ್, ಆಂದ್ರೊಪೊವ್, ನಾಯ್ಸ್ ಎಂಸಿ ಹುಟ್ಟಿದ ಮರುದಿನ ತೀರಿಕೊಂಡ ಚೆರ್ನೆಂಕೊ, ಹೀಗೆ ನಾಯಕರು ಒಬ್ಬೊಬ್ಬರಾಗಿ ಹೋದಾಗಲೆಲ್ಲ ದೂರದರ್ಶನದಲ್ಲಿ ಶಾಸ್ತ್ರೀಯ ಸಂಗೀತ, ಬ್ಯಾಲೆ. 1991ರ ಆಗಸ್ಟ್ 19ರಂದು ಗೊರ್ಬಚೆವ್ ವಿರುದ್ಧ ಕ್ಷಿಪ್ರಕ್ರಾಂತಿ ನಡೆದು ಮಾಸ್ಕೋದ ಬೀದಿಗಳಿಗೆ ಟ್ಯಾಂಕುಗಳು ಇಳಿದಾಗ ಪರದೆಯ ಮೇಲೆ ಬಿಳಿ ಹಂಸಗಳು ಕುಣಿಯುತ್ತಿದ್ದವು. ಆಗ ನಮ್ಮ ಗಾಯಕರಿಗೆ ಆರು ವರ್ಷ. 2022ರ ಮಾರ್ಚಿನಲ್ಲಿ 'ದೋಜ್ದ್' ಎಂಬ ಸ್ವತಂತ್ರ ವಾಹಿನಿ ಪ್ರಸಾರ ನಿಲ್ಲಿಸಬೇಕಾಗಿ ಬಂದಾಗ ಕೊನೆಯದಾಗಿ ತೋರಿಸಿದ್ದೂ ಆ ಹಂಸಗಳನ್ನೇ. ಹೀಗಾಗಿ ಬ್ಯಾಲೆ ನೋಡಬೇಕು, ಹಂಸಗಳು ಕುಣಿಯಲಿ ಎಂದು ಹಾಡಿನ ಪಲ್ಲವಿ ಹಾರೈಸಿದಾಗ ಅದರ ಅರ್ಥ ಏನೆಂದು ರಷ್ಯಾದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಇಷ್ಟು ದೂರ ಹೋಗುವ ಪಲ್ಲವಿ ಅಪರೂಪ. ಅವರ ಎಲ್ಲ ಹಾಡುಗಳಲ್ಲಿ ನಾನು ಅತ್ಯುತ್ತಮವೆಂದು ಎಣಿಸುವುದು ಇದನ್ನೇ.

2025ರ ಮೇ ತಿಂಗಳಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಒಂದು ನ್ಯಾಯಾಲಯ ಈ ಹಾಡಿನ ಪ್ರಸಾರವನ್ನು ನಿಷೇಧಿಸಿತು. ಅದೇ ಊರಿನ ನೆವ್‌ಸ್ಕಿ ಹೆದ್ದಾರಿಯ ಪಾದಚಾರಿ ದಾರಿಯಲ್ಲಿ 'ಸ್ಟಾಪ್‌ಟೈಮ್' ಎಂಬ ಎಳೆಯರ ತಂಡವೊಂದು ಸಂಜೆಯ ಹೊತ್ತು ಹಾಡುತ್ತಿತ್ತು. ಕೀಬೋರ್ಡಿನ ಮುಂದೆ ನಿಂತು ಹಾಡುತ್ತಿದ್ದವಳು ನಾವೊಕೊ ಎಂದು ಕರೆಸಿಕೊಳ್ಳುವ, ಹದಿನೆಂಟರ ಹರೆಯದ ಸಂಗೀತ ವಿದ್ಯಾರ್ಥಿನಿ. ಅಕ್ಟೋಬರಿನ ಒಂದು ಸಂಜೆ ಆಕೆ ಹಂಸ ಸರೋವರದ ಹಾಡನ್ನು ಎತ್ತಿಕೊಂಡ ವಿಡಿಯೊ ದೇಶವನ್ನೆಲ್ಲ ಸುತ್ತಿತು. ಆಕೆಯನ್ನೂ ತಂಡದ ಇಬ್ಬರು ಹುಡುಗರನ್ನೂ ಪೊಲೀಸರು ಹಿಡಿದರು. ಮೊದಲು ಹದಿಮೂರು ದಿನ ಆಕೆಯನ್ನು ಬಂಧನದಲ್ಲಿಟ್ಟರು, ಬಿಡುವ ಹೊತ್ತಿಗೆ ಮತ್ತೊಂದು ಬಂಧನ, ಆಮೇಲೆ ಇನ್ನೊಂದು. ಮೊನೆತೊಚ್ಕಾಳ ಹಾಡೊಂದನ್ನು ಹಾಡಿದ್ದು ಸೇನೆಗೆ ಅವಮಾನವೆಂದು 30,000 ರೂಬಲ್ ದಂಡವನ್ನೂ ಹಾಕಿದರು. ಬೇರೆ ಊರುಗಳಲ್ಲಿ ಅವರಿಗಾಗಿ ಬೀದಿಯಲ್ಲಿ ಹಾಡಿದವರನ್ನೂ ಹಿಡಿದರು. ನವೆಂಬರಿನಲ್ಲಿ ಬಿಡುಗಡೆಯಾದ ಮೇಲೆ ಆಕೆ ದೇಶ ಬಿಟ್ಟಳು.

ಆ ವಿಡಿಯೊದಲ್ಲಿ ಆಕೆಯ ಸುತ್ತ ಅರ್ಧ ವೃತ್ತವಾಗಿ ಜನ ನಿಂತಿದ್ದಾರೆ, ಬಹುಪಾಲು ಆಕೆಯ ವಯಸ್ಸಿನವರು. ಹಿಂದೆ ದಾರಿದೀಪ, ಅಂಗಡಿಗಳ ಬೆಳಕು. ಮರ್ಸಿಡಿಸ್ ಹಾಡು ಬಂದಾಗ ಅವರಿಗೆಲ್ಲ ಮೂರೋ ನಾಲ್ಕೋ ವರ್ಷ. ಹಂಸಗಳು ಕುಣಿದ 1991ರಲ್ಲಿ ಅವರಿನ್ನೂ ಹುಟ್ಟಿಯೇ ಇರಲಿಲ್ಲ. ಆಕೆ ಪಲ್ಲವಿಗೆ ಬರುತ್ತಾಳೆ. ನೆರೆದವರು ದನಿಗೂಡಿಸುತ್ತಾರೆ. ಒಂದು ಪದವೂ ತಪ್ಪುವುದಿಲ್ಲ.

ನಮಸ್ಕಾರ.